ಕೃಷ್ಣನ ದೀಪಕ್ಕೆ ಎಣ್ಣೆ ಕೊಟ್ಟವರು ಯಾರು, ಗೊತ್ತೇ?

ಉಡುಪಿಯ ರಥಬೀದಿ. ಸುತ್ತಲೂ ಎಂಟು ಮಠ. ನಡುವೆ ಕೃಷ್ಣ. ಈಗ ನಿಮಗೊಂದು ಪ್ರಶ್ನೆ: ಈ ಬೀದಿಯಲ್ಲಿ ಎಲ್ಲರಿಗಿಂತ ಮೊದಲು ಬಂದು ನೆಲೆಸಿದ ದೇವರು ಯಾರು?

ಕೃಷ್ಣ ಅಂದಿರಾ? ಅಲ್ಲ!

ಇನ್ನೊಮ್ಮೆ ಯೋಚಿಸಿ. ಸುಳಿವು ಬೇಕೇ? ಹಣೆಯಲ್ಲಿ ಮೂರನೇ ಕಣ್ಣು, ಜಟೆಯಲ್ಲಿ ಚಂದ್ರ.

ಶಿವ! ಹೌದು, ವೈಷ್ಣವರ ಈ ಮಹಾಕ್ಷೇತ್ರದ ಹಿರಿಯ ಯಜಮಾನ ಶಿವ! ಕೃಷ್ಣಮಠದಿಂದ ನಾಲ್ಕು ಹೆಜ್ಜೆ ನಡೆದರೆ ಚಂದ್ರಮೌಳೀಶ್ವರ, ಅಲ್ಲೇ ಅನಂತೇಶ್ವರ. ಎರಡೂ ಕೃಷ್ಣನಿಗಿಂತ ಹಳೆಯ ಗುಡಿಗಳು. ಸಂಪ್ರದಾಯ ಬಲ್ಲ ಯಾತ್ರಿಕರು ಇಂದಿಗೂ ಮೊದಲು ಚಂದ್ರಮೌಳೀಶ್ವರನಿಗೆ ಕೈಮುಗಿಯುತ್ತಾರೆ, ಆಮೇಲೆ ಅನಂತೇಶ್ವರನಿಗೆ. ಕೃಷ್ಣನ ಸರದಿ ಕೊನೆಗೆ! ಎಂಟು ಮಠಗಳ ಪಾಳಿಯಂತೆ ಕೃಷ್ಣಪೂಜೆಯ ಹೊಣೆ ಹೊತ್ತು ಪರ್ಯಾಯ ಪೀಠ ಏರುವ ಸ್ವಾಮಿಗಳೂ ಅಷ್ಟೇ. ಮೆರವಣಿಗೆಯಲ್ಲಿ ಬಂದವರು ಮಠದೊಳಗೆ ಕಾಲಿಡುವ ಮುಂಚೆ ಈ ಎರಡೂ ಗುಡಿಗಳಿಗೆ ಹೋಗಿ ಬರಬೇಕು.

ಹಾಗಾದರೆ ಕೃಷ್ಣ? ಅವನು ಹೊರಗಿನಿಂದ ಬಂದವನು! ದ್ವಾರಕೆಯ ಕಡೆಯಿಂದ ಬಂದ ಹಡಗಿನಲ್ಲಿ, ಗೋಪೀಚಂದನದ ಹೆಂಟೆಯೊಳಗೆ ಅಡಗಿ, ಮಲ್ಪೆಯ ಕಡಲಿಗೆ ಬಂದಿಳಿದ ದೇವರು ಅವನು ಎನ್ನುತ್ತದೆ ಸಂಪ್ರದಾಯ. ಹದಿಮೂರನೇ ಶತಮಾನದಲ್ಲಿ ಮಧ್ವಾಚಾರ್ಯರು ಅವನನ್ನು ಎತ್ತಿ ತಂದು ಪ್ರತಿಷ್ಠೆ ಮಾಡಿದರು.

ಆ ಮಧ್ವಾಚಾರ್ಯರು ಪಾಠ ಹೇಳುತ್ತಿದ್ದದ್ದು ಎಲ್ಲಿ? ಹರಿಯೇ ಸರ್ವೋತ್ತಮ ಎಂದು ದೇಶವನ್ನೆಲ್ಲ ಸುತ್ತಿ ವಾದಿಸಿದ ಆಚಾರ್ಯರು ಕೂರುತ್ತಿದ್ದದ್ದು ಅನಂತೇಶ್ವರನ ಗುಡಿಯಲ್ಲಿ! ಅಲ್ಲಿಯ ದೇವರು ಲಿಂಗರೂಪಿ! 1317ರಲ್ಲಿ ಅವರು ಕಣ್ಮರೆಯಾದದ್ದೂ ಅದೇ ಗುಡಿಯಲ್ಲಿ ಎಂದು ಶಿಷ್ಯಪರಂಪರೆ ನಂಬುತ್ತದೆ.

ನನಗೆ ಇದು ಮೊದಲ ಸಲ ಹೊಳೆದಾಗ ಮೈ ಜುಮ್ಮೆಂದಿತು. ಈಚಿನ ವರ್ಷಗಳಲ್ಲಿ ಉಡುಪಿ ಎಂದರೆ ಟಿವಿಯಲ್ಲಿ ಕಾಣುವುದು ಏನು? ಕೇಸರಿ ಶಾಲು, ಹಿಜಾಬು, ಬ್ಯಾನರ್, ಪೊಲೀಸ್ ಜೀಪು. ಅದೆಲ್ಲ ಸುಳ್ಳಲ್ಲ, ನಡೆದದ್ದೇ. ಆದರೆ ಅದರ ಅಡಿಯಲ್ಲಿ ಇನ್ನೊಂದು ಉಡುಪಿ ಇದೆ. ಅಗೆದಷ್ಟೂ ಬೆರಗು! ಬನ್ನಿ, ಅಗೆಯೋಣ.

ಹಳೆಯ ಕಾಲದಲ್ಲಿ ಜಗಳ ಇರಲಿಲ್ಲ ಎಂದುಕೊಂಡಿರಾ? ಇತ್ತು! ಅದೂ ಎಂಥ ಜಗಳ!

ಒಂದು ಕಳ್ಳತನದ ಕತೆ ಹೇಳುತ್ತೇನೆ. ಕದ್ದದ್ದು ಏನು, ಊಹಿಸಿ. ಚಿನ್ನವೇ? ಮೂರ್ತಿಯೇ? ಎರಡೂ ಅಲ್ಲ.

ಪುಸ್ತಕ!

ಒಂದೆರಡಲ್ಲ, ಮಧ್ವಾಚಾರ್ಯರ ಇಡೀ ಗ್ರಂಥಭಂಡಾರ! ಮಧ್ವರ ಮತ ಹಬ್ಬುವುದನ್ನು ಸಹಿಸದ ಎದುರಾಳಿ ಪಂಡಿತರು, ಪದ್ಮತೀರ್ಥ ಮತ್ತು ಪುಂಡರೀಕಪುರಿ ಎಂಬವರು ಸೇರಿ ತಾಳೆಗರಿಗಳನ್ನೇ ಹೊತ್ತೊಯ್ದರಂತೆ. ವಾದದಲ್ಲಿ ಸೋಲಿಸಲು ಆಗದಿದ್ದರೆ ವಾದಿಸುವವನ ಪುಸ್ತಕ ಕಸಿದುಕೊಳ್ಳುವುದು! ಏಳು ಶತಮಾನ ಹಿಂದಿನ ಈ ಉಪಾಯ ಎಷ್ಟು ಹೊಸದಾಗಿ ಕಾಣುತ್ತದೆ ನೋಡಿ!

ಆಮೇಲೆ? ಆಮೇಲಿನದೇ ಸ್ವಾರಸ್ಯ. ಕುಂಬಳೆಯ ಅರಸ ಜಯಸಿಂಹ ನಡುವೆ ಬಂದ. ಗ್ರಂಥಗಳನ್ನು ಹಿಂದಿರುಗಿಸಿದ. ಆ ನಂಟಿನಲ್ಲೇ ಅರಸನ ಕಡೆಯ ಮಹಾಪಂಡಿತ ತ್ರಿವಿಕ್ರಮ ಪಂಡಿತಾಚಾರ್ಯರು ಮಧ್ವರ ಎದುರು ವಾದಕ್ಕೆ ಕೂತರು. ಒಂದು ದಿನವಲ್ಲ, ಎರಡು ದಿನವಲ್ಲ, ಹದಿನೈದು ದಿನ ವಾದ ನಡೆಯಿತೆಂದು ಹೇಳುತ್ತಾರೆ. ಕೊನೆಯಲ್ಲಿ ತ್ರಿವಿಕ್ರಮರು ಮಧ್ವರ ಶಿಷ್ಯರೇ ಆಗಿಬಿಟ್ಟರು! ಮಧ್ವರ ಜೀವನಚರಿತ್ರೆ 'ಸುಮಧ್ವವಿಜಯ' ಬರೆದವರು ಯಾರು ಗೊತ್ತೇ? ಅದೇ ತ್ರಿವಿಕ್ರಮರ ಮಗ, ನಾರಾಯಣ ಪಂಡಿತಾಚಾರ್ಯರು! ಎದುರಾಳಿಯಾಗಿ ಬಂದವರ ಮನೆಯಲ್ಲೇ ಆಚಾರ್ಯರ ಚರಿತ್ರೆ ಹುಟ್ಟಿತು!

ಅದೇ ಕಾವ್ಯದಲ್ಲಿ ಇನ್ನೊಂದು ಪ್ರಸಂಗ ಇದೆ, ಇದನ್ನು ಕೇಳದೆ ಮುಂದೆ ಹೋಗಬೇಡಿ. ಮಧ್ವರು ಉತ್ತರಕ್ಕೆ ಹೊರಟಿದ್ದಾರೆ. ಎದುರಿಗೆ ಗಂಗೆ. ಆಚೆ ದಡದಲ್ಲಿ ತುರುಷ್ಕ, ಅಂದರೆ ಮುಸ್ಲಿಂ ದೊರೆಯ ಸೈನಿಕರು, ಶತ್ರುಗಳೆಂದು ತಿಳಿದು ಮುಗಿಬೀಳಲು ಸಿದ್ಧ. ಮಧ್ವರು ಹೆದರಿ ಹಿಂದೆ ಸರಿದರೇ? ಇಲ್ಲ! ನೇರವಾಗಿ ದೊರೆಯ ಹತ್ತಿರವೇ ಹೋದರು. ಮಾತಾಡಿದರು. ಯಾವ ಭಾಷೆಯಲ್ಲಿ? ಆ ದೊರೆಯ ಭಾಷೆಯಲ್ಲಿ!

ದೊರೆ ಬೆರಗಾದ. ಅರ್ಧ ರಾಜ್ಯವನ್ನೇ ಕೊಡುತ್ತೇನೆ ಎಂದ! ಉಡುಪಿಯ ಆಚಾರ್ಯರು, ತುರುಷ್ಕ ಅರಸ, ನಡುವೆ ಒಂದು ಭಾಷೆ. ಇದನ್ನು ಬರೆದವರು ಮಧ್ವರ ಭಕ್ತರು, ಹೆಮ್ಮೆಯಿಂದ ಬರೆದಿದ್ದಾರೆ. ಇಂದು ಈ ಭಾಗವನ್ನು ಯಾಕೆ ಯಾರೂ ಎತ್ತಿ ಹೇಳುವುದಿಲ್ಲ?

ಈಗ ಕಾರ್ಕಳಕ್ಕೆ ಹೋಗೋಣ. ಬೆಟ್ಟದ ಮೇಲೆ 42 ಅಡಿಯ ಗೊಮ್ಮಟ. ಅರಸ ವೀರಪಾಂಡ್ಯ ಅದನ್ನು ನಿಲ್ಲಿಸಿದ್ದು 1432ರ ಫೆಬ್ರವರಿ 13ರಂದು. ಎದುರಿನ ಚಿಕ್ಕಬೆಟ್ಟದಲ್ಲಿ ಚತುರ್ಮುಖ ಬಸದಿ, 1586ರದು. ನಾಲ್ಕು ದಿಕ್ಕಿಗೂ ಒಂದೇ ತರಹದ ಬಾಗಿಲು. ಯಾವ ಕಡೆಯಿಂದ ಹೋದರೂ ಎದುರಿಗೆ ಮೂರು ಮೂರ್ತಿ: ಅರ, ಮಲ್ಲಿ, ಮುನಿಸುವ್ರತ. ಮೂರು ನಾಲ್ಕಲಿ ಹನ್ನೆರಡು! ಕಪ್ಪು ಕಲ್ಲಿನ ಈ ಬಸದಿಯನ್ನು ಒಂದು ಸುತ್ತು ಹಾಕಿ ನೋಡಿ. ಇದು ಮುಂದಿನ ಬಾಗಿಲೋ ಹಿಂದಿನ ಬಾಗಿಲೋ ಎಂದು ನಿಮಗೇ ತಿಳಿಯದೆ ಹೋಗುತ್ತದೆ.

ಇಷ್ಟು ಎಲ್ಲ ಪ್ರವಾಸಿ ಪುಸ್ತಕದಲ್ಲೂ ಇದೆ. ಇಲ್ಲದ್ದು ಇದು: ಈ ಬಸದಿ ಯಾಕೆ ಹುಟ್ಟಿತು?

ಕಾರ್ಕಳದ ಹಳಬರು ಹೇಳುವ ಕತೆ ಕೇಳಿ. ಶೃಂಗೇರಿಯ ನರಸಿಂಹ ಭಾರತಿ ಸ್ವಾಮಿಗಳು ಕಾರ್ಕಳಕ್ಕೆ ಚಿತ್ತೈಸಿದರು. ಆಗಿನ ಅರಸ ಜೈನ, ಬಂದವರು ಅದ್ವೈತಿ ಸನ್ಯಾಸಿ. ಅರಸ ಏನು ಮಾಡಿದ? ಹೊಸದಾಗಿ ಕಟ್ಟಿಸಿದ್ದ ಬಸದಿಯನ್ನೇ ಬಿಡಾರಕ್ಕೆ ಬಿಟ್ಟುಕೊಟ್ಟ! ಸ್ವಾಮಿಗಳು ಒಳಗೆ ನೋಡಿದರು. "ನಮ್ಮ ಪೂಜೆಯ ದೇವರಿಲ್ಲದ ಕಡೆ ಉಳಿಯುವುದು ಹೇಗೆ?" ಎಂದರು.

ನೀವು ಆ ಅರಸನಾಗಿದ್ದರೆ ಏನು ಮಾಡುತ್ತಿದ್ದಿರಿ? ಬೇರೆ ಮನೆ ತೋರಿಸುತ್ತಿದ್ದಿರಾ? ಸಿಟ್ಟಾಗುತ್ತಿದ್ದಿರಾ?

ಅರಸ ಶಿಲ್ಪಿಗಳನ್ನು ಕರೆಸಿದ. ಶೇಷನ ಮೇಲೆ ಮಲಗಿದ ವಿಷ್ಣುವಿನ ಮೂರ್ತಿ ಕೆತ್ತಿಸಿದ. ಬಸದಿಗೆಂದು ಎದ್ದ ಕಟ್ಟಡದಲ್ಲೇ ಅದನ್ನು ಪ್ರತಿಷ್ಠೆ ಮಾಡಿಸಿದ! ಕಾರ್ಕಳ ಪೇಟೆಯ ಅನಂತಶಯನ ದೇವಸ್ಥಾನ ಹುಟ್ಟಿದ್ದು ಹೀಗೆ ಎನ್ನುತ್ತದೆ ಈ ಕತೆ.

ಜೈನರಿಗೆ ನೋವಾಗದೆ ಇರುತ್ತದೆಯೇ? ಆಯಿತು, ಸಹಜವಾಗಿಯೇ ಆಯಿತು. ನಮಗೆಂದು ಕಟ್ಟಿದ್ದನ್ನು ಬೇರೆಯವರಿಗೆ ಕೊಟ್ಟೆಯಲ್ಲ ಎಂದರು. ಆಗ ಅರಸ ಏನು ಮಾಡಿದ? ಕೊಟ್ಟದ್ದನ್ನು ಕಿತ್ತುಕೊಂಡನೇ? ಇಲ್ಲ! ಮೊದಲಿನದಕ್ಕಿಂತ ಭವ್ಯವಾದ ಬಸದಿಯನ್ನು ಬೆಟ್ಟದ ಮೇಲೆ ಎಬ್ಬಿಸಿದ. ಅದೇ ಚತುರ್ಮುಖ ಬಸದಿ!

ಗಮನಿಸಿದಿರಾ? ಎರಡು ಪಂಗಡ, ಒಂದು ಕಟ್ಟಡ, ಜಗಳ. ಇಂಥ ಜಗಳ ಲೋಕದ ಎಷ್ಟು ಊರುಗಳಲ್ಲಿ ಹೇಗೆ ಮುಗಿದಿದೆ ಎಂದು ನಮಗೆ ಗೊತ್ತು. ಕಾರ್ಕಳದಲ್ಲಿ ಅದು ಮುಗಿದದ್ದು ಇನ್ನೊಂದು ಕಟ್ಟಡ ಕಟ್ಟಿ! ಒಂದನ್ನೂ ಕೆಡವಲಿಲ್ಲ. ಎರಡೂ ನಿಂತಿವೆ. ನೀವೇ ಹೋಗಿ ಮುಟ್ಟಿ ನೋಡಬಹುದು.

ಕಾರ್ಕಳ ಬಿಡುವ ಮೊದಲು ಅತ್ತೂರಿಗೊಮ್ಮೆ. ಸಂತ ಲಾರೆನ್ಸರ ಇಗರ್ಜಿ, ಆರಂಭ 1759ರಲ್ಲಿ. 1784ರಲ್ಲಿ ಟಿಪ್ಪುವಿನ ಆಳ್ವಿಕೆಯಲ್ಲಿ ಇಲ್ಲಿಯ ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ಸೆರೆ ಒಯ್ದರು, ಇಗರ್ಜಿ ನಾಶವಾಯಿತು. ಅಸಹಿಷ್ಣುತೆಯ ಗಾಯ ಇಲ್ಲಿ ಒಂದೇ ಕಡೆಯವರದ್ದಲ್ಲ, ನೆನಪಿಡಿ. ಆದರೆ ಮರಳಿ ಬಂದವರು ಮತ್ತೆ ಕಟ್ಟಿದರು. 2016ರಲ್ಲಿ ಅದು ಬಸಿಲಿಕದ ಪಟ್ಟಕ್ಕೇರಿತು. ಜನವರಿಯ ಹಬ್ಬಕ್ಕೆ ಹೋಗಿ ನೋಡಿ. ಜನ ಲಕ್ಷಗಟ್ಟಲೆ! ಮೇಣದಬತ್ತಿ ಹಿಡಿದು ಸಾಲಿನಲ್ಲಿ ನಿಂತವರಲ್ಲಿ ಕುಂಕುಮ ಇಟ್ಟವರು ಎಷ್ಟು, ಮುಸ್ಲಿಮರು ಎಷ್ಟು! ಊರಿನ ಬಾಯಲ್ಲಿ ಅದು ಫೀಸ್ಟ್ ಅಲ್ಲವೇ ಅಲ್ಲ, ಅತ್ತೂರು ಜಾತ್ರೆ!

ಹತ್ತಿರದ ಧರ್ಮಸ್ಥಳವನ್ನು ಒಂದೇ ಉಸಿರಿನಲ್ಲಿ ಹೇಳಿಬಿಡುತ್ತೇನೆ. ದೇವರು ಶಿವ. ಪೂಜೆ ಮಾಡುವವರು ಮಾಧ್ವ ವೈಷ್ಣವರು. ಆಡಳಿತ ಜೈನ ಹೆಗ್ಗಡೆಯವರದು. ಪ್ರತಿಷ್ಠೆಗೆ ಬಂದವರು ಉಡುಪಿಯ ಸೋದೆ ಮಠದ ವಾದಿರಾಜರು! ಇಂಥ ಏರ್ಪಾಡು ಇನ್ನೆಲ್ಲಿ ಸಿಗುತ್ತದೆ, ಹೇಳಿ?

ಇನ್ನು ಕಡಲಿಗೆ! ಮಲ್ಪೆಯಿಂದ ಕಾಪುವಿನವರೆಗೆ ಮೊಗವೀರರ ಊರೂರಲ್ಲಿ ಬೊಬ್ಬರ್ಯನ ಗುಡಿ. ಕಡಲಿಗಿಳಿಯುವವರನ್ನು ಕಾಯುವ ದೈವ ಅವನು. ದೋಣಿ ನೀರಿಗಿಳಿಯುವ ಮೊದಲು ಅವನ ನೆನಪು, ಬಲೆ ತುಂಬಿದರೆ ಅವನಿಗೆ ಹರಕೆ, ವರ್ಷಕ್ಕೊಮ್ಮೆ ಕೋಲ. ಹಿಂದೂ ಬೆಸ್ತರ ಈ ದೈವದ ತಂದೆ ಯಾರು? ದೈವದ ಕತೆ ಹೇಳುವ ತುಳು ಹಾಡು, ಪಾಡ್ದನದ ಉತ್ತರ ಕೇಳಿದರೆ ಬೆಚ್ಚಿಬೀಳುತ್ತೀರಿ. ಒಬ್ಬ ಮುಸ್ಲಿಂ ವ್ಯಾಪಾರಿ!

ತಂದೆ ಬ್ಯಾರಿ ಮುಸ್ಲಿಂ, ಮಗ ಮೊಗವೀರರ ಕುಲದೈವ! ಇದನ್ನು ಗುಟ್ಟಾಗಿ ಪಿಸುಗುಟ್ಟುವುದಿಲ್ಲ. ದೈವದ ಎದುರೇ ಹಾಡುತ್ತಾರೆ!

ಈಗ ಶೀರ್ಷಿಕೆಯ ಪ್ರಶ್ನೆಗೆ ಬರುತ್ತೇನೆ. ಇಷ್ಟು ಹೊತ್ತು ಬಚ್ಚಿಟ್ಟುಕೊಂಡಿದ್ದೆ, ಕ್ಷಮಿಸಿ, ಇನ್ನು ತಡೆಯಲಾರೆ.

ಕಾರ್ತಿಕ ಮಾಸ. ಕೃಷ್ಣಮಠದ ಲಕ್ಷದೀಪೋತ್ಸವ. ರಥಬೀದಿಯ ಉದ್ದಕ್ಕೂ ಮರದ ದಳಿಗಳಲ್ಲಿ ಸಾಲು ಸಾಲು ಹಣತೆ. ಒಂದು ವರ್ಷ ಎಣ್ಣೆಗೆ ತತ್ವಾರ! ದೀಪ ಹೊತ್ತಿಸುವುದು ಹೇಗೆ? ಉತ್ಸವ ನಿಂತೇಹೋಗುತ್ತದೆಯೇ? ಆಗ ಒಬ್ಬರು ಮುಂದೆ ಬಂದರು. ಬೇಕಾದಷ್ಟು ಎಣ್ಣೆ ಕೊಡಿಸಿದರು. ದೀಪ ಉರಿಯಿತು! ಉಡುಪಿಯ ಹಿರಿಯರು ಇಂದಿಗೂ ಕೃತಜ್ಞತೆಯಿಂದ ನೆನೆಯುವ ಸಂಗತಿ ಇದು.

ಯಾರು ಆ ಪುಣ್ಯಾತ್ಮ?

ಹಾಜಿ ಅಬ್ದುಲ್ಲಾ ಸಾಹೇಬರು!

ಹೌದು! ಹಜ್ ಮಾಡಿ ಬಂದ ಮುಸ್ಲಿಂ ವರ್ತಕರೊಬ್ಬರು ಕೊಟ್ಟ ಎಣ್ಣೆಯಲ್ಲಿ ಕೃಷ್ಣನ ದೀಪ ಉರಿಯಿತು!

ನಿಲ್ಲಿ, ಇವರ ಕತೆ ಇಲ್ಲಿಗೆ ಮುಗಿಯಲಿಲ್ಲ. 1906ರ ಮಾರ್ಚ್ 12. ಉಡುಪಿ ಆಗ ಸಣ್ಣ ಪೇಟೆ. ಕೈಸಾಲಕ್ಕೆ ಬಡ್ಡಿಯವರ ಮುಂದೆ ಕೈಚಾಚಬೇಕು. ಹಾಜಿ ಅಬ್ದುಲ್ಲಾ ಊರಿನ ನಾಲ್ಕು ಜನರನ್ನು ಕೂಡಿಸಿಕೊಂಡು ಒಂದು ಬ್ಯಾಂಕು ತೆರೆದರು. ಮೂಲ ಬಂಡವಾಳ 5,000 ರೂಪಾಯಿ. ಆಗ ಅವರ ವಯಸ್ಸು ಎಷ್ಟು? ಐವತ್ತೇ? ಅರವತ್ತೇ?

ಇಪ್ಪತ್ತನಾಲ್ಕು!

ಮೊದಲ ದಿನ ಸಂಜೆ ಲೆಕ್ಕ ನೋಡಿದರೆ ಪೆಟ್ಟಿಗೆಯಲ್ಲಿ ಇದ್ದದ್ದು 38 ರೂಪಾಯಿ 13 ಆಣೆ 2 ಪೈ. ಎರಡು ಪೈ ಕೂಡ ಬಿಡದೆ ಬರೆದಿಟ್ಟಿದ್ದಾರೆ ನೋಡಿ! ಆ ಮೂವತ್ತೆಂಟು ರೂಪಾಯಿ ಏನಾಯಿತು? ಬೆಳೆಯಿತು. ದೇಶವೆಲ್ಲ ಹಬ್ಬಿತು. 1980ರಲ್ಲಿ ರಾಷ್ಟ್ರೀಕರಣವಾಯಿತು. 2020ರ ಏಪ್ರಿಲ್ 1ರಂದು ಯೂನಿಯನ್ ಬ್ಯಾಂಕಿನಲ್ಲಿ ವಿಲೀನವಾಗುವವರೆಗೂ ನೀವು ಅದನ್ನು ಬೀದಿ ಬೀದಿಯಲ್ಲಿ ಕಂಡಿದ್ದೀರಿ. ಹೆಸರು ನೆನಪಾಯಿತೇ? ಕಾರ್ಪೊರೇಷನ್ ಬ್ಯಾಂಕ್!

ಅದರ ಧ್ಯೇಯವಾಕ್ಯ ಯಾವ ಭಾಷೆಯದು? ಸಂಸ್ಕೃತ! 'ಸರ್ವೇ ಜನಾಃ ಸುಖಿನೋ ಭವಂತು!' ಹಾಜಿಯೊಬ್ಬರು ಹುಟ್ಟುಹಾಕಿದ ಬ್ಯಾಂಕು ಎಲ್ಲರೂ ಸುಖವಾಗಿರಲಿ ಎಂದು ಸಂಸ್ಕೃತದಲ್ಲಿ ಹರಸುತ್ತಿತ್ತು!

ಉಡುಪಿಯ ಸರಕಾರಿ ಹೆರಿಗೆ ಮತ್ತು ಮಕ್ಕಳ ಆಸ್ಪತ್ರೆಗೆ ಜಾಗ ಕೊಟ್ಟವರೂ ಅವರೇ. ಊರಿನ ಎಷ್ಟು ಮಕ್ಕಳು, ಯಾವ ಯಾವ ಜಾತಿಯ ಮಕ್ಕಳು, ಹಾಜಿ ಅಬ್ದುಲ್ಲಾರ ನೆಲದಲ್ಲಿ ಮೊದಲ ಉಸಿರು ಎಳೆದಿದ್ದಾರೆ! 1935ರಲ್ಲಿ ಅವರು ತೀರಿಕೊಂಡರು. ಅವರು ಬಾಳಿದ ಮನೆ ಆಮೇಲೆ ನಾಣ್ಯಗಳ ಸಂಗ್ರಹಾಲಯವಾಯಿತು. ಉಡುಪಿಗೆ ಹೋದವರು ಕೃಷ್ಣಮಠ ನೋಡುತ್ತಾರೆ, ಮಲ್ಪೆ ನೋಡುತ್ತಾರೆ, ಗೋಳಿಬಜೆ ತಿನ್ನುತ್ತಾರೆ. ಹಾಜಿ ಅಬ್ದುಲ್ಲಾರ ಮನೆ ಎಷ್ಟು ಜನ ನೋಡಿದ್ದೀರಿ? ಕೈ ಎತ್ತಿ!

ಇಂಥ ಊರಿನಲ್ಲಿ 2017ರ ಜೂನ್ 24ರಂದು ಏನಾಯಿತು?

ಕೃಷ್ಣಮಠದ ಅನ್ನಬ್ರಹ್ಮ ಭೋಜನಶಾಲೆ. ರಮ್ಜಾನಿನ ಉಪವಾಸ ಬಿಡುವ ಹೊತ್ತು. ಎಲೆಯ ಮುಂದೆ ಕೂತವರು ಮುಸ್ಲಿಮರು! ಬಡಿಸಿದ್ದು ಖರ್ಜೂರ, ಹಣ್ಣು, ಗೇರುಬೀಜ, ಕಷಾಯ. ಉಪವಾಸ ಬಿಟ್ಟ ಮೇಲೆ ಅದೇ ಕಟ್ಟಡದಲ್ಲಿ ನಮಾಜು! ಕರೆದವರು ಯಾರು ಎಂದು ಊಹಿಸಬಲ್ಲಿರಾ? ಎಡಪಂಥದ ಚಿಂತಕರೇ? ಸೌಹಾರ್ದ ವೇದಿಕೆಯವರೇ?

ಪೇಜಾವರ ಮಠದ ವಿಶ್ವೇಶತೀರ್ಥ ಸ್ವಾಮೀಜಿ!

ವಿಶ್ವ ಹಿಂದೂ ಪರಿಷತ್ತಿನ ಹಿರಿಯ ಮುಂದಾಳು! ರಾಮಜನ್ಮಭೂಮಿ ಚಳವಳಿಯ ಮುಂಚೂಣಿಯಲ್ಲಿದ್ದವರು! 1969ರಲ್ಲಿ ಇದೇ ಉಡುಪಿಯ ಸಮ್ಮೇಳನದಲ್ಲಿ ಹಿಂದೂಗಳೆಲ್ಲ ಸಹೋದರರು, ಅಸ್ಪೃಶ್ಯತೆಗೆ ಜಾಗವಿಲ್ಲ ಎಂಬ ಘೋಷಣೆಯ ಹಿಂದೆ ನಿಂತವರು. ಎಂಟರ ಎಳವೆಯಲ್ಲಿ ಸನ್ಯಾಸ, ಎಂಬತ್ತು ದಾಟಿದ ಮೇಲೆ ಐದನೇ ಪರ್ಯಾಯ, ಅದರ ನಡುವೆ ಈ ಇಫ್ತಾರ್! ಅಯೋಧ್ಯೆಯ ವಿಷಯದಲ್ಲಿ ಅವರ ನಿಲುವನ್ನು ಒಪ್ಪದವರು ಬಹಳ ಮಂದಿ ಇದ್ದಾರೆ, ನಾನೂ ಅವರಲ್ಲಿ ಒಬ್ಬ. ಆದರೆ ಆ ಸಂಜೆಯನ್ನು ನೆನೆದರೆ ಇಂದಿಗೂ ಮನಸ್ಸು ತುಂಬುತ್ತದೆ.

ಪ್ರತಿಭಟನೆ ಆಯಿತು. ಕೂಗಾಡಿದರು. ಮಠ ಮೈಲಿಗೆಯಾಯಿತು ಎಂದರು. ಸ್ವಾಮೀಜಿ ಹಿಂದೆ ಸರಿಯಲಿಲ್ಲ! ಅತಿಥಿಗಳನ್ನು ಉಪಚರಿಸಿದ್ದೇನೆ, ತಪ್ಪೇನಿದೆ ಎಂಬ ತಮ್ಮ ನಿಲುವಿಗೆ ಅಂಟಿಕೊಂಡರು. 2019ರ ಡಿಸೆಂಬರ್ 29ರಂದು ಅವರು ತೀರಿಕೊಂಡರು.

ಅಲ್ಲಿಂದ ಸರಿಯಾಗಿ ಎರಡು ವರ್ಷ. 2021ರ ಡಿಸೆಂಬರ್ ಕೊನೆ. ಉಡುಪಿಯ ಸರಕಾರಿ ಬಾಲಕಿಯರ ಪದವಿಪೂರ್ವ ಕಾಲೇಜಿನ ಬಾಗಿಲಲ್ಲಿ ಹಿಜಾಬ್ ತೊಟ್ಟ ಕೆಲವು ಹುಡುಗಿಯರು ನಿಂತರು. ತರಗತಿಯೊಳಗೆ ಬಿಡಲಿಲ್ಲ. ಕಿಡಿ ಹತ್ತಿತು.

ಎಷ್ಟು ಬೇಗ ಹರಡಿತು ನೋಡಿ! 2022ರ ಫೆಬ್ರವರಿ 5, ಸಮವಸ್ತ್ರದ ಬಗ್ಗೆ ಸರಕಾರದ ಆದೇಶ. ಫೆಬ್ರವರಿ 8, ಉಡುಪಿಯಿಂದ ಮಣಿಪಾಲಕ್ಕೆ ಹೋಗುವ ದಾರಿಯ ಎಂಜಿಎಂ ಕಾಲೇಜು. 1949ರಲ್ಲಿ ಮಹಾತ್ಮ ಗಾಂಧಿಯವರ ಸ್ಮರಣೆಗೆಂದೇ ಶುರುವಾದ ಕಾಲೇಜು ಅದು! ಅದರ ಅಂಗಳದಲ್ಲಿ ಒಂದು ಕಡೆ ಕೇಸರಿ ಪೇಟ, ಇನ್ನೊಂದು ಕಡೆ ಹಿಜಾಬು, ಎರಡೂ ಕಡೆ ಘೋಷಣೆ. ನಿನ್ನೆಯವರೆಗೆ ಒಂದೇ ಬೆಂಚಿನಲ್ಲಿ ಕೂತು ನೋಟ್ಸ್ ಹಂಚಿಕೊಂಡ ಮಕ್ಕಳು! ಗೇಟು ಮುಚ್ಚಬೇಕಾಯಿತು. ಮಾರ್ಚ್ 15, ಹೈಕೋರ್ಟ್ ತೀರ್ಪು ಆದೇಶದ ಪರ. ಮಾರ್ಚ್ 17, ತೀರ್ಪಿನ ವಿರುದ್ಧ ಮುಸ್ಲಿಂ ಸಂಘಟನೆಗಳ ಬಂದ್. ಅಂಗಡಿಗಳು ಬಾಗಿಲೆಳೆದವು. ಅದಕ್ಕೆ ಪ್ರತಿಯಾಗಿ ಜಾತ್ರೆಯಲ್ಲಿ ಮುಸ್ಲಿಮರಿಗೆ ಅಂಗಡಿ ಬೇಡ ಎಂಬ ಕೂಗು ಎದ್ದಿತು. ಮಾರ್ಚ್ 22, ಕಾಪುವಿನ ಹೊಸ ಮಾರಿಗುಡಿಯಲ್ಲಿ ಸುಗ್ಗಿ ಮಾರಿಪೂಜೆ. ಮುಸ್ಲಿಂ ವ್ಯಾಪಾರಿಗಳಿಗೆ ಜಾಗವಿಲ್ಲ!

ತೀರ್ಪಿನಿಂದ ಜಾತ್ರೆಯ ನಿಷೇಧಕ್ಕೆ ಎಷ್ಟು ದಿನ? ಏಳು! ಏಳೇ ಏಳು ದಿನ!

ಸುಪ್ರೀಂ ಕೋರ್ಟಿಗೆ ಹೋದ ಮೊಕದ್ದಮೆಯ ಗತಿ ಏನಾಯಿತು? ಅಕ್ಟೋಬರ್ 13ರಂದು ಇಬ್ಬರು ನ್ಯಾಯಮೂರ್ತಿಗಳು ಎರಡು ತೀರ್ಪು ಬರೆದರು. ಒಬ್ಬರದು ಹೌದು, ಇನ್ನೊಬ್ಬರದು ಅಲ್ಲ. ನ್ಯಾಯಪೀಠವೂ ಎರಡಾಗಿತ್ತು!

ನಾನು ಕಾಪುವಿನಲ್ಲೇ ನಿಲ್ಲುತ್ತೇನೆ. ಯಾಕೆಂದರೆ ಎಲ್ಲಕ್ಕಿಂತ ಬೆರಗಿನ ವಿಷಯಗಳು ಇರುವುದು ಇಲ್ಲಿ.

ಕಾಪುವಿಗೆ ಒಂದಲ್ಲ, ಮೂರು ಮಾರಿಗುಡಿ. ಹಳೆ ಮಾರಿಗುಡಿ, ಹೊಸ ಮಾರಿಗುಡಿ, ಮೂರನೇ ಮಾರಿಗುಡಿ. ವರ್ಷಕ್ಕೆ ಮೂರು ಮಾರಿಪೂಜೆ: ಸುಗ್ಗಿ, ಆಟಿ, ಜಾರ್ದೆ. ಮಂಗಳವಾರ ರಾತ್ರಿ ಹಿಡಿದ ಜನಜಂಗುಳಿ ಬುಧವಾರ ಕರಗುವುದಿಲ್ಲ. ಕೋಳಿ, ಹಣ್ಣು, ಬಳೆ, ಆಟಿಕೆ, ಚರುಮುರಿ. ಎಲ್ಲಕ್ಕಿಂತ ಹೆಚ್ಚಾಗಿ ಮಲ್ಲಿಗೆ! ಗದ್ದಿಗೆಯ ಮೇಲಿನ ಅಮ್ಮ ಮಲ್ಲಿಗೆಯಲ್ಲಿ ಮುಳುಗಿಹೋಗಿರುತ್ತಾಳೆ.

ಆ ಮಲ್ಲಿಗೆ ಎಲ್ಲಿಂದ ಬರುತ್ತದೆ? ಪಕ್ಕದ ಶಂಕರಪುರದಿಂದ. ಬೆಳೆಯುವವರು ಯಾರು? ಹಿಂದೂಗಳೂ ಇದ್ದಾರೆ. ಆದರೆ ಶಂಕರಪುರ ಮಲ್ಲಿಗೆಗೆ ಹೆಸರು ತಂದವರಲ್ಲಿ ಕೆಥೊಲಿಕ್ ಮನೆಗಳು ಎಷ್ಟು! ಬೆಳಗಿನ ಜಾವ ಬಿರಿಯುವ ಮೊದಲೇ ಮೊಗ್ಗು ಕೊಯ್ಯಬೇಕು. ಅಂಗಳದ ಜಗಲಿಯಲ್ಲಿ ಕೂತು ಬಾಳೆನಾರಿನಲ್ಲಿ ಕಟ್ಟಬೇಕು. ಒಳಗಿನ ಗೋಡೆಯಲ್ಲಿ ಯೇಸುವಿನ ಪಟ, ಮಡಿಲಲ್ಲಿ ಮಾರಿಯಮ್ಮನಿಗೆ ಹೋಗುವ ಹೂ! ಬೆರಳು ಓಡುವ ವೇಗ ನೋಡಬೇಕು, ಕಣ್ಣಿಗೆ ಸಿಗುವುದಿಲ್ಲ.

ಒಂದು ಚೆಂಡಿನಲ್ಲಿ ಎಷ್ಟು ಹೂ ಇರುತ್ತದೆ, ಹೇಳಿ ನೋಡೋಣ. ನೂರು? ಇನ್ನೂರು?

ಸುಮಾರು 800! ಅಂಥ ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಂದರೆ ಒಂದು ಅಟ್ಟೆಗೆ 3,200 ಹೂ! ಒಂದೊಂದನ್ನೂ ಕೈಯಲ್ಲೇ ಕೊಯ್ದದ್ದು, ಕೈಯಲ್ಲೇ ಕಟ್ಟಿದ್ದು. ಹಬ್ಬದ ದಿನಗಳಲ್ಲಿ ಅಟ್ಟೆಯ ಬೆಲೆ ಎರಡು ಸಾವಿರ ದಾಟುತ್ತದೆ.

ಇನ್ನೂ ಇದೆ! ಅದೇ ಮಾರಿಗುಡಿಯ ಪೂಜೆಯ ಹೊತ್ತಿಗೆ ನಾಗಸ್ವರ ಕೇಳಿಸುತ್ತದಲ್ಲ, ಅದನ್ನು ತಲೆಮಾರುಗಳಿಂದ ಊದಿಕೊಂಡು ಬಂದಿರುವವರು ಯಾರು?

ಒಂದು ಮುಸ್ಲಿಂ ಕುಟುಂಬ!

ಅಮ್ಮನ ಎದುರು ನಿಂತು ವಾದ್ಯ ಊದಲು ಸಾಹೇಬರು ಆಗುತ್ತಾರೆ. 2022ರ ಆ ಸುಗ್ಗಿಯಲ್ಲಿ ಹೊರಗೆ ರಸ್ತೆ ಬದಿಯಲ್ಲಿ ಬಳೆ ಮಾರಲು ಆಗಲಿಲ್ಲ! ಈ ಎರಡೂ ಒಂದೇ ಗುಡಿಯಲ್ಲಿ! ಹೇಗೆ ಹೊಂದಿಸುತ್ತೀರಿ ಇದನ್ನು? ನನಗಂತೂ ಆಗಲಿಲ್ಲ.

ನಿಷೇಧಕ್ಕೆ ತೋರಿಸಿದ ಆಧಾರ ಒಂದು ಸರಕಾರಿ ನಿಯಮ. ದೇವಸ್ಥಾನದ ಹತ್ತಿರದ ಜಾಗ, ಕಟ್ಟಡ, ನಿವೇಶನವನ್ನು ಹಿಂದೂಗಳಲ್ಲದವರಿಗೆ ಗುತ್ತಿಗೆ ಕೊಡಬಾರದು ಎನ್ನುವ ನಿಯಮ. ಯಾವ ವರ್ಷದ್ದು? ಬ್ರಿಟಿಷರ ಕಾಲದ್ದು ಎಂದುಕೊಂಡಿರಾ? 2002ರದು! ಯಾವ ಪಕ್ಷದ ಸರಕಾರ? ಕಾಂಗ್ರೆಸ್! ಮಾರಿಪೂಜೆಯ ಮರುದಿನವೇ, ಆಗ ಆಳುತ್ತಿದ್ದ ಬಿಜೆಪಿ ಸರಕಾರದ ಕಾನೂನು ಸಚಿವರು ವಿಧಾನಸಭೆಯಲ್ಲಿ ಅದನ್ನು ಎತ್ತಿ ಹಿಡಿದರು. ಎರಡು ದಿನದ ತಾತ್ಕಾಲಿಕ ಅಂಗಡಿಗೂ ಗುತ್ತಿಗೆಯ ನಿಯಮ ಹೇಗೆ ತಗಲುತ್ತದೆ ಎಂದು ಹಲವರು ಕೇಳಿದರು. ನ್ಯಾಯವಾದ ಪ್ರಶ್ನೆ. ಇನ್ನೊಂದು ಪ್ರಶ್ನೆ ನನ್ನದು: 2002ರಿಂದ 2022ರವರೆಗೆ ಇಪ್ಪತ್ತು ವರ್ಷ ಈ ನಿಯಮ ಪುಸ್ತಕದಲ್ಲಿ ಇದ್ದೇ ಇತ್ತಲ್ಲ? ಆ ಇಪ್ಪತ್ತು ವರ್ಷವೂ ಮುಸ್ಲಿಮರು ಏಲಂ ಕೂಗಿದರು, ಅಂಗಡಿ ಹಾಕಿದರು, ಅಮ್ಮನಿಗೆ ಏನೂ ಆಗಲಿಲ್ಲ!

ಕಾಪುವಿನಿಂದ ಹೆದ್ದಾರಿಯಲ್ಲಿ ತೆಂಕಕ್ಕೆ ಹೋದರೆ ಮೂಲ್ಕಿ. ಅಲ್ಲಿ ಬಪ್ಪನಾಡು ದುರ್ಗಾಪರಮೇಶ್ವರಿ. ಈ ದೇವಸ್ಥಾನ ಕಟ್ಟಿಸಿದವರು ಯಾರು? ಐತಿಹ್ಯ ಹೇಳುವ ಹೆಸರು ಬಪ್ಪ ಬ್ಯಾರಿ. ಮುಸ್ಲಿಂ ವರ್ತಕ! ಊರಿಗೇ ಅವನ ಹೆಸರು! ಜಾತ್ರೆಯಲ್ಲಿ ಬಪ್ಪನ ವಂಶದವರಿಗೆ ಇಂದಿಗೂ ಪ್ರಸಾದದ ಗೌರವ ಸಲ್ಲುತ್ತದೆ.

2022ರ ಮಾರ್ಚಿನಲ್ಲಿ ಅದೇ ಬಪ್ಪನಾಡು ಜಾತ್ರೆಯ ಹೊತ್ತಿಗೆ ಒಂದು ಬ್ಯಾನರ್ ಎದ್ದಿತು. ಅದರಲ್ಲಿ ಏನಿತ್ತು ಎಂದು ಈಗ ನೀವೇ ಊಹಿಸಬಲ್ಲಿರಿ. ಮುಸ್ಲಿಂ ವ್ಯಾಪಾರಿಗಳಿಗೆ ಅವಕಾಶವಿಲ್ಲ!

ಓದಿ ನನಗೆ ಮಾತೇ ಹೊರಡಲಿಲ್ಲ. ಬಪ್ಪ ಬ್ಯಾರಿ ಅಂದು ಎದ್ದು ಬಂದಿದ್ದರೆ ತಾನು ಕಟ್ಟಿಸಿದ ಗುಡಿಯ ಎದುರು ಒಂದು ತಟ್ಟೆ ಖರ್ಜೂರ ಇಟ್ಟು ಮಾರಲೂ ಆಗುತ್ತಿರಲಿಲ್ಲ!

ಈ ಸೀಮೆಯಲ್ಲಿ ಜಗಳ ಹೊಸತಲ್ಲ. ಪುಸ್ತಕ ಕದ್ದಿದ್ದಾರೆ, ಇಗರ್ಜಿ ಕೆಡವಿದ್ದಾರೆ, ಜಾತಿ ನೋಡಿ ಪಂಕ್ತಿ ಬೇರೆ ಮಾಡಿದ್ದಾರೆ. ಕೃಷ್ಣನ ಮಠಗಳೊಳಗೇ, ಕಡಲು ದಾಟಿ ವಿದೇಶಕ್ಕೆ ಹೋದ ಪುತ್ತಿಗೆ ಸ್ವಾಮೀಜಿ ಮೂರ್ತಿ ಮುಟ್ಟಬಾರದು ಎಂದು 2008ರ ಪರ್ಯಾಯದ ಹೊತ್ತಿಗೆ ದೊಡ್ಡ ರಂಪವಾಗಿದೆ. ಕಡಲು ದಾಟಿ ಬಂದ ಕೃಷ್ಣನನ್ನು ಮುಟ್ಟಲು ಕಡಲು ದಾಟಿದವರು ಆಗದು! ಆದರೆ ದೇವರ ಜಾತ್ರೆಯಲ್ಲಿ ಬಳೆ ಮಾರುವವನ ಧರ್ಮ ಕೇಳುವ ಪದ್ಧತಿ ಇಲ್ಲಿ ಇರಲಿಲ್ಲ. ಇದು ಹೊಸತು. ತೀರಾ ಹೊಸತು. ಸಂಪ್ರದಾಯ ಎಂದು ಯಾರಾದರೂ ಹೇಳಿದರೆ ನಂಬಬೇಡಿ.

ಎಲ್ಲವನ್ನೂ ಒಟ್ಟಿಗೆ ಉಳಿಸಿಕೊಳ್ಳುವುದು ಹೇಗೆಂದು ನೋಡಬೇಕೇ? ಮಣಿಪಾಲದ ಹಸ್ತಶಿಲ್ಪ ಪಾರಂಪರಿಕ ಗ್ರಾಮಕ್ಕೆ ಹೋಗಿದ್ದೀರಾ? ವಿಜಯನಾಥ ಶೆಣೈ ಅವರು ಕುಸಿಯುತ್ತಿದ್ದ ಹಳೆಯ ಮನೆಗಳನ್ನು ತೊಲೆ ತೊಲೆಯಾಗಿ ಬಿಚ್ಚಿ ತಂದು ಮತ್ತೆ ಜೋಡಿಸಿದ ಊರು ಅದು. ದಖ್ಖನಿ ನವಾಬರ ಮಹಲು ಇದೆ. ಜಂಗಮ ಮಠ ಇದೆ. ಹರಿಹರ ಮಂದಿರ ಇದೆ, ಅರ್ಧ ಶಿವ, ಅರ್ಧ ವಿಷ್ಣು! ಒಬ್ಬ ಮನುಷ್ಯ ತನ್ನ ಆಯುಷ್ಯ ಸುರಿದು ಇವೆಲ್ಲವನ್ನೂ ಒಂದೇ ಬೇಲಿಯೊಳಗೆ ಉಳಿಸಿದ!

ಈಗ ನನ್ನ ಕೋರಿಕೆ, ಎರಡೇ. ಒಂದು, ಜಾತ್ರೆಯ ಆಡಳಿತ ಮಂಡಳಿಗಳಲ್ಲಿ ಇರುವ ಹಿರಿಯರಿಗೆ: ಮುಂದಿನ ಸುಗ್ಗಿಗೆ ಅಂಗಡಿ ಏಲಂ ಮಾಡುವಾಗ ನಿಮ್ಮ ಅಪ್ಪ, ಅಜ್ಜ ಹೇಗೆ ಮಾಡುತ್ತಿದ್ದರೋ ಹಾಗೆಯೇ ಮಾಡಿ. ಹೆಚ್ಚು ಕೂಗಿದವರಿಗೆ ಜಾಗ ಕೊಡಿ, ಹೆಸರು ಕೇಳಬೇಡಿ. ಎರಡು, ಓದುವ ನಿಮಗೆ: ನಿಮ್ಮ ಮನೆಯ ಅಟ್ಟದಲ್ಲಿ ಹಳೆಯ ಜಾತ್ರೆಯ ಫೋಟೊ, ಅಂಗಡಿ ಏಲಂನ ಲೆಕ್ಕದ ಪುಸ್ತಕ, ಹೊರೆಕಾಣಿಕೆಯ ಪಟ್ಟಿ ಇದ್ದರೆ ಈ ಭಾನುವಾರವೇ ಇಳಿಸಿ. ಧೂಳು ಒರೆಸಿ ಅದರಲ್ಲಿರುವ ಹೆಸರುಗಳನ್ನು ಮಕ್ಕಳಿಗೆ ಗಟ್ಟಿಯಾಗಿ ಓದಿ ಹೇಳಿ.